ಕಾವಿನ ಹೊತ್ತು

ಕಿಟಕಿಯ ಸರಳಿಗೆ ಗಂಟು ಹಾಕಿದ ಎರಡು ಹಸಿರು ವೈರುಗಳ ಇನ್ನೊಂದು ತುದಿ ಕೈಡ್ರಿಲ್ಲಿನ ಬಾಯಲ್ಲಿತ್ತು. ಅವಳು ಹಿಡಿಯನ್ನು ನಿಧಾನವಾಗಿ ತಿರುಗಿಸಿದಂತೆಲ್ಲ ವೈರುಗಳು ಒಂದರ ಮೇಲೊಂದು ಹೊಸೆದುಕೊಂಡು, ಗಿಡ್ಡವಾಗುತ್ತ, ಅವಳನ್ನೇ ಒಂದೊಂದು ಹೆಜ್ಜೆ ಕಿಟಕಿಯ ಕಡೆಗೆ ಎಳೆದುಕೊಳ್ಳುತ್ತಿದ್ದವು. ಅರ್ಧ ಹೊಸೆತ ಮುಗಿದಿತ್ತು. ಅವಳ ಬಾಯಲ್ಲಿ ಮಾತ್ರ ಬೇರೆಯದೇ ಹೊಸೆತ ನಡೆದಿತ್ತು.

“ರೀ, ಥಿಯೇಟರಿನವರು ನನ್ನನ್ನ ಕರೆದಿದಾರೆ,” ಎಂದಳು ಕಿಟಕಿಗೆ. ಸರಿಹೋಗಲಿಲ್ಲ. ಕರೆದಿದ್ದಾರೆ ಅಂದರೆ ಯಾವುದೋ ವಿಚಾರಣೆಗೆ ಕರೆದ ಹಾಗಾಯಿತು. “ರೀ, ನಾನೊಂದು ಕೆಲಸಕ್ಕೆ ಹೋಗ್ಲಾ?” ಇದು ಮಿಠಾಯಿ ಕೇಳುವ ಮಗುವಿನ ದನಿ. “ರೀ, ನೀವು ಬೇಜಾರು ಮಾಡ್ಕೋಬಾರದು...” ಇದಂತೂ ಯಾರೋ ಸತ್ತ ಸುದ್ದಿಗೆ ಹಾಕುವ ಪೀಠಿಕೆ.

“ಯಾರ ಹತ್ರನೇ ಮಾತು?” ಒಳಗಿನಿಂದ ಅತ್ತೆಯ ದನಿ ಬಂತು.

“ವೈರಿನ ಹತ್ರ, ಅತ್ತೆ.”

“ಕೇಳುತ್ತಾ ಅದು?”

“ನಿಮ್ಮ ಮಕ್ಕಳಿಗಿಂತ ವಾಸಿ.”

“ಅದೂ ನಿಜ ಬಿಡು,” ಎಂದರು ಅತ್ತೆ.

ಆ ಮನೆಯ ಮುಂದಿನ ಕೋಣೆಯೇ ಅಂಗಡಿ. ಹಳೆಯ ವಾಲ್ವ್ ಆಂಪ್ಲಿಫೈಯರುಗಳನ್ನು ರಿಪೇರಿ ಮಾಡುವುದು ಅವರ ಕಸುಬು. ಬಾಗಿಲ ಮೇಲಿನ ಬೋರ್ಡಿನಲ್ಲಿ ಏನೇನೋ ದೊಡ್ಡ ಹೆಸರು ಬರೆದಿದ್ದರೂ ಬೀದಿಯವರ ಬಾಯಲ್ಲಿ ಅವಳ ಗಂಡ ‘ಗುಂಯ್ ಡಾಕ್ಟರು’. ಗುಂಯ್ ಎನ್ನುವ ಕಾಯಿಲೆ ವಾಸಿ ಮಾಡುವುದರಲ್ಲಿ ಅವನದು ಎತ್ತಿದ ಕೈ.

ವಾಲ್ವ್ ಅಂದರೆ ಹೆಬ್ಬೆರಳಿನಿಂದ ಹಿಡಿದು ಬದನೆಕಾಯಿಯ ಗಾತ್ರದವರೆಗಿನ ಗಾಜಿನ ಬುರುಡೆ. ಅದರ ಹೊಟ್ಟೆಯೊಳಗೆ ಹೀಟರ್ ಎನ್ನುವ ಎಳೆಯಂಥ ತಂತಿ. ಆ ತಂತಿ ಮೊದಲು ಕೆಂಪಗೆ ಕಾಯಬೇಕು. ಅದು ಕಾಯದ ಹೊರತು ವಾಲ್ವು ಬರೀ ಕಲ್ಲು, ಏನು ಕೊಟ್ಟರೂ ಹಾಡುವುದಿಲ್ಲ. ಆದರೆ ಕಾಯಿಸಲು ಕೊಟ್ಟ ಕರೆಂಟೇ ಕೆಲವೊಮ್ಮೆ ಮನೆಯೊಳಗಿನ ಕಳ್ಳನಾಗುತ್ತದೆ. ವೈರುಗಳು ಬಿಡಿಬಿಡಿಯಾಗಿ ಹಾದುಹೋದರೆ ಆ ಕರೆಂಟಿನ ನಡುಕ ಹಾಡಿನೊಳಗೆ ನುಸುಳಿ, ಸ್ಪೀಕರಿನಲ್ಲಿ ದುಂಬಿ ಸೇರಿಕೊಂಡಂತೆ ಗುಂಯ್ ಎನ್ನುತ್ತದೆ. ಅದಕ್ಕೇ ಹೀಟರಿನ ಎರಡು ವೈರುಗಳನ್ನು ಬಿಗಿಯಾಗಿ ಹೊಸೆಯಬೇಕು. ಆಗ ಒಂದರ ಗುಂಯ್ ಅನ್ನು ಇನ್ನೊಂದು ನುಂಗಿಕೊಳ್ಳುತ್ತದೆ. “ಗಂಡ ಹೆಂಡತಿ ಇದ್ದ ಹಾಗೆ,” ಎಂದು ಅವಳ ಮಾವ ಬದುಕಿದ್ದಾಗ ಹೇಳುತ್ತಿದ್ದರು. “ಯಾರು ಯಾರದ್ದನ್ನ ನುಂಗಿದ್ದು ಅಂತ ಮಾತ್ರ ಕೇಳ್ಬೇಡ,” ಎಂದು ಅತ್ತೆ ಅಲ್ಲೇ ಸೇರಿಸುತ್ತಿದ್ದರು.

ವೈರು ಹೊಸೆಯುವುದು, ಟ್ರಾನ್ಸ್‌ಫಾರ್ಮರ್ ಸುತ್ತುವುದು ಅವಳ ಪಾಲಿನದು. ಬೆಸುಗೆ, ಅಳತೆ, ಗಿರಾಕಿಗಳು ಗಂಡನ ಪಾಲು. ರಿಪೇರಿಯಾದ ಸಾಮಾನನ್ನು ವ್ಯಾನಿನಲ್ಲಿ ತಲುಪಿಸಿ ಬರುವುದು ಮೈದುನನ ಪಾಲು, ಅಂದರೆ ಲೈಸೆನ್ಸು ಬಂದ ಮೇಲೆ. ವ್ಯಾನು ಬಾಗಿಲ ಮುಂದೆ ನಿಂತು ಅದರ ಅಡಿಯಲ್ಲಿ ಹುಲ್ಲು ಬೆಳೆದಿತ್ತು. ಕೇಳಿದಾಗಲೆಲ್ಲ, “ಅಂಚೆಯಲ್ಲಿ ಬರ್ತಿದೆ ಅತ್ತಿಗೆ. ಪಾಪ, ಅಂಚೆಯವನಿಗೆ ಕಾಲುನೋವೇನೋ,” ಎನ್ನುತ್ತಿದ್ದ.

ಈ ವಾರದ ಮೊದಲಲ್ಲಿ ಗಂಡನ ಸೊಂಟ ಹಿಡಿದುಕೊಂಡಿತ್ತು. ಊರಿನ ಹಳೆಯ ನಾಟಕದ ಥಿಯೇಟರಿಗೆ ಕೊಡಬೇಕಾಗಿದ್ದ ಆಂಪ್ಲಿಫೈಯರನ್ನು ಬಾಡಿಗೆ ಗಾಡಿಯಲ್ಲಿ ಅವಳೇ ಒಯ್ದಳು. ಒಯ್ದದ್ದು ಚೆನ್ನಾಗಿಯೇ ಹಾಡಿತು. ಆದರೆ ಪಕ್ಕದಲ್ಲಿದ್ದ ಅದರ ಜೋಡಿ ಗುಂಯ್‌ಗುಟ್ಟುತ್ತಿತ್ತು. ನೋಡಿಕೊಂಡು ಸುಮ್ಮನೆ ಬರಲು ಅವಳ ಕೈ ಕೇಳಲಿಲ್ಲ. ಪರದೆಯ ಹಿಂದೆ ನೆಲದ ಮೇಲೆ ಕೂತು, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಅದರ ತಳ ಬಿಚ್ಚಿದಳು. ಹಿಂದೆ ಯಾರೋ ಹೀಟರಿನ ವೈರುಗಳನ್ನು ಹೊಸೆಯದೆ, ಮೈಕಿನ ವೈರಿನ ಮಗ್ಗುಲಲ್ಲೇ ಎಳೆದಿದ್ದರು. ಅವುಗಳನ್ನು ಕಿತ್ತು, ಹೊಸೆದು, ಪೆಟ್ಟಿಗೆಯ ಮೂಲೆಗೆ ಒತ್ತಿ ಕೂರಿಸಿದಳು. ದುಂಬಿ ಹಾರಿಹೋಯಿತು.

ಥಿಯೇಟರಿನ ಮ್ಯಾನೇಜರ್ ಮೇಡಂ ಕೈಯಲ್ಲಿ ಚಹಾದ ಲೋಟ ಹಿಡಿದು ನಿಂತೇ ಇದ್ದರು. “ನಾನು ಬಂದಾಗಿನಿಂದ ಇದು ಹೀಗೇ ಕೂಗ್ತಿತ್ತು. ಅದರ ಸ್ವಭಾವವೇ ಹಾಗೆ ಅಂದ್ಕೊಂಡಿದ್ದೆ,” ಎಂದರು. ಚಹಾ ಮುಗಿಸಿ, ಏನೋ ಲೆಕ್ಕ ಹಾಕಿದವರಂತೆ ಹೇಳಿದರು: “ನಮ್ಮಲ್ಲಿ ಇಂಥವು ಒಂದು ಕೋಣೆ ತುಂಬ ಇವೆ. ಕೋಣೆ ನಿಮಗೇ ಬಿಟ್ಟುಕೊಡ್ತೀನಿ. ವಾರದಲ್ಲಿ ಮೂರು ದಿನ ಬಂದು ನೋಡ್ಕೊಳ್ತೀರಾ? ಅಂಗಡಿಗೆ ಹೇಳ್ತಿಲ್ಲ, ನಿಮಗೆ ಹೇಳ್ತಿದೀನಿ. ಸೋಮವಾರದೊಳಗೆ ತಿಳಿಸಿ. ಇಲ್ಲದಿದ್ರೆ ಎಲ್ಲಾನೂ ಗುಜರಿಗೆ ಹಾಕಿ ಹೊಸದು ತರಿಸ್ತಾರೆ.”

ಆ ಮಾತು ಬಾಡಿಗೆ ಗಾಡಿಯಲ್ಲಿ ಅವಳ ಪಕ್ಕದಲ್ಲೇ ಕೂತು ಮನೆಗೆ ಬಂತು. ಆವತ್ತಿನಿಂದ ಅವಳ ಹೊಟ್ಟೆಯಲ್ಲಿ ಒಂದು ಹೀಟರ್ ಹೊತ್ತಿಕೊಂಡೇ ಇತ್ತು. ಒಂದು ಕೋಣೆ, ಅದರ ಕಿಟಕಿ, ಗೋಡೆಯುದ್ದಕ್ಕೂ ಮೂಗುಮುರಿದು ಕೂತ ಹಳೆಯ ಯಂತ್ರಗಳು. ಯಾವುದನ್ನು ಮೊದಲು ಬಿಚ್ಚಬೇಕು ಎಂದು ತಾನೇ ತೀರ್ಮಾನಿಸುವುದು. ಪಾತ್ರೆ ತೊಳೆಯುವಾಗ ಅದರ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕೋ ಚೀಲದಲ್ಲಿಡಬೇಕೋ ಎನ್ನುವವರೆಗೆ ಯೋಚಿಸಿಬಿಟ್ಟಿದ್ದಳು. ತಡೆದದ್ದು ಒಂದೇ. ಗುಂಯ್ ಡಾಕ್ಟರನ್ನು ಬಿಟ್ಟು ಡಾಕ್ಟರ ಹೆಂಡತಿಯನ್ನು ಕರೆದರು ಅಂದರೆ ಅವನ ಮುಖ ಏನಾದೀತು? ಆ ಮುಖವನ್ನು ನೆನೆದಾಗಲೆಲ್ಲ ಮಾತನ್ನು ನಾಳೆಗೆ ತಳ್ಳುತ್ತಿದ್ದಳು.

ಇಂಥ ಮಾತುಗಳಿಗೆಂದೇ ಆ ಮನೆಯಲ್ಲಿ ಒಂದು ಹೊತ್ತಿತ್ತು.

ನಡುಮನೆಯಲ್ಲಿದ್ದದ್ದು ಮಾವ ತಮ್ಮ ಕೈಯಾರೆ ಕಟ್ಟಿದ ಆಂಪ್ಲಿಫೈಯರ್. ಸಂಜೆ ಅಂಗಡಿ ಮುಚ್ಚಿದ ಮೇಲೆ ಎಲ್ಲರೂ ಹಳದಿ ಸೋಫಾದ ಮೇಲೆ ಸೇರಿ ಒಂದು ರೆಕಾರ್ಡು ಕೇಳುವುದು ರೂಢಿ. ಸ್ವಿಚ್ಚು ಒತ್ತಿದ ಕೂಡಲೇ ಅದು ಹಾಡುತ್ತಿರಲಿಲ್ಲ. ವಾಲ್ವುಗಳು ಮೊದಲು ಮಂಕಾಗಿ, ಆಮೇಲೆ ಕೆಂಡದಂತೆ, ಕೊನೆಗೆ ಕಿತ್ತಳೆ ಬಣ್ಣಕ್ಕೆ ತಿರುಗಬೇಕು. ಅಲ್ಲಿಯವರೆಗೆ ಹಾಡಿಲ್ಲ. ಅದಕ್ಕೆ ‘ಕಾವಿನ ಹೊತ್ತು’ ಎನ್ನುತ್ತಿದ್ದರು. ಮಾವ ಹಾಕಿಕೊಟ್ಟ ಕಟ್ಟಳೆ ಅದಕ್ಕಿತ್ತು: ಆ ಹೊತ್ತಿನಲ್ಲಿ ಯಾರು ಏನನ್ನು ಬೇಕಾದರೂ ಹೇಳಬಹುದು, ಕೇಳಿಸಿಕೊಂಡವರು ರೆಕಾರ್ಡಿನ ಒಂದು ಮಗ್ಗುಲು ಮುಗಿಯುವವರೆಗೆ ಉತ್ತರ ಕೊಡುವಂತಿಲ್ಲ. ಗಾಜಿನ ಜಾಡಿ ಒಡೆದದ್ದು, ಮೈದುನ ಕಾಲೇಜು ಬಿಟ್ಟದ್ದು, ಈಗ ದೂರದ ಹಾಸ್ಟೆಲಿನಲ್ಲಿರುವ ಅವಳ ಮಗಳು ಅಲ್ಲಿಗೆ ಹೋಗುತ್ತೇನೆಂದು ಹಟ ಹಿಡಿದದ್ದು, ಎಲ್ಲ ಹೊರಬಿದ್ದದ್ದು ಅಲ್ಲೇ. ಹಾಡಿನ ಎದುರು ಕೂಗಾಡಲಾಗುವುದಿಲ್ಲ. ಮಗ್ಗುಲು ಮುಗಿಯುವ ಹೊತ್ತಿಗೆ ಕೂಗಾಡುವ ಉಮೇದೂ ಉಳಿದಿರುವುದಿಲ್ಲ.

ಗಂಡನ ವಿಷಯದಲ್ಲಂತೂ ಅದು ಔಷಧಿಯೇ. ಅವನ ಬಾಯಿಂದ ಮೊದಲು ಬರುವುದು ‘ಬೇಡ’. ಕೆಟ್ಟತನದಿಂದಲ್ಲ, ಬಾಗಿಲು ತಟ್ಟಿದರೆ ‘ಯಾರು’ ಎನ್ನುವ ಹಾಗೆ ಅಭ್ಯಾಸದಿಂದ. ಒಂದು ಮಗ್ಗುಲು ಹಾಡು ಕೇಳಿದ ಮೇಲೆ ಅದೇ ‘ಬೇಡ’ ‘ನೋಡೋಣ’ ಆಗುತ್ತಿತ್ತು. ಅವರ ಸಂಸಾರ ಇಷ್ಟು ವರ್ಷ ನಡೆದದ್ದು ಆ ‘ನೋಡೋಣ’ದ ಮೇಲೆ.

ಇವತ್ತು ಸಂಜೆ ಹೇಳಿಬಿಡಬೇಕು ಎಂದುಕೊಂಡು, ಹೊಸೆದ ವೈರನ್ನು ಸರಳಿನಿಂದ ಬಿಚ್ಚಿದಳು.

ಸಂಜೆ ಗಂಡ ಆಂಪ್ಲಿಫೈಯರಿನ ಪಕ್ಕ ನಿಂತು ಕೈ ಉಜ್ಜಿಕೊಳ್ಳುತ್ತಿದ್ದ. “ಎಲ್ಲಾ ಬನ್ನಿ, ಬನ್ನಿ. ಇವತ್ತು ಒಂದು ತಮಾಷೆ ಇದೆ.”

ಎಲ್ಲರೂ ಕೂತರು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಮಾತನ್ನು ನಾಲಿಗೆಯ ತುದಿಗೆ ತಂದುಕೊಂಡಳು. ಗಂಡ ಸ್ವಿಚ್ಚು ಒತ್ತಿ ಮುಳ್ಳನ್ನು ರೆಕಾರ್ಡಿನ ಮೇಲಿಟ್ಟ. “ರೀ,” ಎಂದು ಅವಳು ಬಾಯಿ ತೆರೆಯುವುದಕ್ಕೂ ಹತ್ತಾರು ಪಿಟೀಲುಗಳು ಒಟ್ಟಿಗೆ ಮುಖಕ್ಕೆ ಅಪ್ಪಳಿಸುವುದಕ್ಕೂ ಸರಿಹೋಯಿತು. ಮೈದುನ ಕೂತಲ್ಲೇ ಹಾರಿಬಿದ್ದ.

“ಹೆಂಗೆ?” ಗಂಡ ಖುಷಿಯಲ್ಲಿ ಕಟ್ಟಳೆ ಮರೆತು ಹಾಡಿನ ಮೇಲೆಯೇ ಕೂಗಿದ. “ಕಾಯೋದೇ ಬೇಡ ಇನ್ಮೇಲೆ! ಹೀಟರುಗಳಿಗೆ ದಿನವಿಡೀ ಸ್ವಲ್ಪ ಸ್ವಲ್ಪ ಕರೆಂಟು ಹೋಗ್ತಾ ಇರುತ್ತೆ. ಅರೆನಿದ್ದೆಯಲ್ಲಿ ಇರ್ತವೆ. ಸ್ವಿಚ್ ಒತ್ತಿದ್ರೆ ಎದ್ದು ಹಾಡ್ತವೆ.”

“ಯಾಕೆ ಬೇಕಿತ್ತು ಈಗ?” ಎಂದಳು ಅವಳು.

“ಯಾಕೆ ಅಂದ್ರೆ? ನೀನೇ ಹೇಳಿದ್ದಲ್ಲ! ಮದುವೆಯಾದ ಹೊಸದರಲ್ಲಿ. ‘ಇದು ಬಿಸಿಯಾಗೋದರೊಳಗೆ ನಾನು ಮುದುಕಿಯಾಗಿರ್ತೀನಿ’ ಅಂತ. ಆವತ್ತೇ ಅಂದ್ಕೊಂಡೆ, ಇವಳಿಗೋಸ್ಕರ ಒಂದಿನ ಮಾಡ್ಬೇಕು ಅಂತ.”

ಅವಳಿಗೆ ನೆನಪಾಯಿತು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದ ಗಡಿಬಿಡಿಯಲ್ಲಿ ಅಂದ ಮಾತು. ಹಾಲು ಉಕ್ಕಿತ್ತು, ಮಾತು ಮರೆತಿತ್ತು. ಅವನು ಮರೆತಿರಲಿಲ್ಲ.

“ಆ ಸಣ್ಣ ಟ್ರಾನ್ಸ್‌ಫಾರ್ಮರ್...” ಎಂದಳು.

“ಕರೆಂಟು ಅದರಿಂದಲೇ ಹೋಗೋದು. ನೀನೇ ಸುತ್ತಿದ್ದು! ಯಾವುದಕ್ಕೆ ಅಂತ ನಾನು ಬಾಯಿ ಬಿಟ್ಟಿರ್ಲಿಲ್ಲ.” ಅವನ ಮುಖ ಹಾಲು ಕುಡಿದ ಮಗುವಿನದಾಗಿತ್ತು.

ಮಾಡಿದ್ದುಣ್ಣೋ ಮಾರಾಯ ಅನ್ನುತ್ತಾರೆ, ಮಾರಾಯ್ತಿಗೂ ಅದೇ ಗತಿ ಎಂದುಕೊಂಡಳು ಅವಳು. “ಚೆನ್ನಾಗಿದೆ ರೀ,” ಎಂದಳು. ಸುಳ್ಳೇನಲ್ಲ. ಒಂದು ಮಾತನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡ ಗಂಡಸು ಎಷ್ಟು ಮನೆಗಳಲ್ಲಿದ್ದಾನೆ? ಇಟ್ಟುಕೊಳ್ಳಲು ಆ ಮಾತೇ ಸಿಗಬೇಕಿತ್ತೇ ಅನ್ನುವುದಷ್ಟೇ ಅವಳ ಸಂಕಟ. ಪಕ್ಕದಲ್ಲಿ ಅತ್ತೆ ಏನೋ ಹೇಳಲು ತೆರೆದ ಬಾಯಿಯನ್ನು ಮುಚ್ಚಿಕೊಂಡದ್ದನ್ನೂ, ಮೈದುನ ಎರಡು ಸಲ ಕೆಮ್ಮಿ ಸುಮ್ಮನಾದದ್ದನ್ನೂ ನೋಡಿದಳು. ಆದರೆ ತನ್ನ ಚಿಂತೆಯಲ್ಲಿ ಅದೇಕೆಂದು ಯೋಚಿಸಲಿಲ್ಲ.

ಮರುದಿನ, ಶುಕ್ರವಾರ, ಅವಳು ಬೇರೆ ಹೊತ್ತುಗಳನ್ನು ಹುಡುಕಿದಳು. ತಿಂಡಿಯ ಮೇಜಿನ ಮುಂದೆ ಬಾಯಿ ತೆರೆದಾಗ ಅತ್ತೆಗೆ ಉಪ್ಪು ಬೇಕಾಯಿತು. ಉಪ್ಪು ಕೊಟ್ಟು ತಿರುಗಿದರೆ ಗಂಡ ಅಂಗಡಿ ಸೇರಿಯಾಗಿತ್ತು. ಅಲ್ಲಿಗೇ ಹೋದಳು. ಅವನು ಬೆಸುಗೆಯ ಕಡ್ಡಿ ಹಿಡಿದು, ತಲೆಯನ್ನು ಹಿಂದಕ್ಕೆ ವಾಲಿಸಿ, ಚಿತ್ರ ಬರೆಯುವವನಂತೆ ದೂರದಿಂದ ಕೆಲಸ ನೋಡುತ್ತಿದ್ದ.

“ಈ ರೆಸಿಸ್ಟರಿನ ಪಟ್ಟಿ ಯಾವ ಬಣ್ಣ ಹೇಳು, ಕಂದೋ ಕೆಂಪೋ?”

“ಕೆಂಪು.”

“ಇವತ್ತು ಬೆಳಕೇ ಸರಿ ಇಲ್ಲ.”

ಬೆಳಕು ಧಾರಾಳವಾಗಿತ್ತು. ಅವಳು ಧೈರ್ಯ ತಂದುಕೊಂಡು, “ರೀ, ಒಂದು ಮಾತು,” ಎಂದಳು.

“ಬೇಡ.”

“ಇನ್ನೂ ಹೇಳೇ ಇಲ್ಲ!”

“ಆ ಸ್ಟೂಲ್ ಮೇಲೆ ಕೂರೋದು ಬೇಡ ಅಂದೆ. ಈಗಷ್ಟೇ ಬಿಸಿ ಕಡ್ಡಿ ಇಟ್ಟಿದ್ದೆ.”

ನಗು ಬಂದುಬಿಟ್ಟಿತು. ನಗುತ್ತ ನಿಂತಿರುವಾಗಲೇ ಒಬ್ಬ ಗಿರಾಕಿ ರೇಡಿಯೋವನ್ನು ಮಗುವಿನಂತೆ ಎತ್ತಿಕೊಂಡು ಬಂದ, ಅದರ ಕಾಯಿಲೆಯ ಕಥೆಯನ್ನು ಅದು ಹುಟ್ಟಿದಲ್ಲಿಂದ ಶುರುಮಾಡಿದ. ಸಂಜೆ ಮತ್ತೆ ಪಿಟೀಲುಗಳು ಹೇಳದೆ ಕೇಳದೆ ನುಗ್ಗಿದವು. ಹಾಡು ಮುಗಿದಾಗ ಒಬ್ಬೊಬ್ಬರೂ ತಂತಮ್ಮ ಕೋಣೆಗೆ ಎದ್ದುಹೋದರು, ಬಸ್ಸಿನಿಂದ ಇಳಿದವರ ಹಾಗೆ.

ಶನಿವಾರ ಮಧ್ಯಾಹ್ನ ಅಣ್ಣತಮ್ಮಂದಿರಿಬ್ಬರೂ ಹಳೆಯ ಸಾಮಾನಿನ ಮಾರುಕಟ್ಟೆಗೆ ಹೋದರು. ಅತ್ತೆ ಮೂಲೆಮನೆಯ ದರ್ಜಿಯ ಹತ್ತಿರ ಏನೋ ಕೆಲಸವಿದೆಯೆಂದು ಹೊರಟರು. ಅವಳು ನಡುಮನೆಗೆ ಬಂದು ಆಂಪ್ಲಿಫೈಯರಿನ ಬೆನ್ನು ಮುಟ್ಟಿ ನೋಡಿದಳು. ಯಾರೂ ಹಾಡು ಕೇಳದ ಹೊತ್ತಿನಲ್ಲೂ ಅದು ಬೆಚ್ಚಗಿತ್ತು, ಜ್ವರ ಬಂದ ಮಗುವಿನ ಹಣೆಯಂತೆ.

ಪ್ಲಗ್ಗು ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಹಿಂದಿನ ತಗಡು ಬಿಚ್ಚಿದಳು. ಒಳಗೆ ಒಂದು ಮೂಲೆಯಲ್ಲಿ ಅವಳೇ ಸುತ್ತಿದ ಸಣ್ಣ ಟ್ರಾನ್ಸ್‌ಫಾರ್ಮರ್ ಅಂಗಡಿಯ ಬೊಂಬೆಯಂತೆ ಅಚ್ಚುಕಟ್ಟಾಗಿ ಕೂತಿತ್ತು. ಸುತ್ತು ಎಷ್ಟು ಚೆಂದ ಬಂದಿದೆ ಎಂದು ಮೊದಲು ಹೆಮ್ಮೆಯಾಯಿತು, ಆಮೇಲೆ ಸಿಟ್ಟು ಬಂತು. ದಿನವಿಡೀ ಕಾದರೆ ವಾಲ್ವುಗಳ ಆಯುಸ್ಸು ಸವೆಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಸುಮ್ಮನೆ ಕರೆಂಟು ದಂಡ. ಹಳೆಯ ಯಂತ್ರದೊಳಗೆ ಬಿಸಿ ನಿಂತರೆ ಉಳಿದ ಭಾಗಗಳೂ ಒಣಗುತ್ತವೆ. ಮೂರೂ ಮಾತು ನಿಜವೇ. ಆದರೆ ಅವಳ ಕೈ ಅಲ್ಲಿಗೆ ಹೋದದ್ದು ಆ ಮೂರಕ್ಕೂ ಅಲ್ಲ.

ಬೆಸುಗೆಯ ಕಡ್ಡಿ ತಂದು, ಆ ಟ್ರಾನ್ಸ್‌ಫಾರ್ಮರಿನ ಒಂದು ವೈರನ್ನು ಬಿಡಿಸಿ, ತುದಿಗೆ ಟೇಪು ಸುತ್ತಿ, ಉಳಿದ ವೈರುಗಳ ಹಿಂದೆ ಸರಿಸಿದಳು.

“ಏನೇ ಮಾಡ್ತಿದ್ದೀಯ ಅಲ್ಲಿ?”

ಅತ್ತೆ ಬಾಗಿಲಲ್ಲಿ ನಿಂತಿದ್ದರು.

“ಧೂಳು ಒರೆಸ್ತಿದ್ದೆ, ಅತ್ತೆ.”

“ಬೆಸುಗೆ ಕಡ್ಡಿಯಲ್ಲಾ?”

“ಹಳೇ ಧೂಳು. ಬಟ್ಟೆಗೆ ಬಗ್ಗಲ್ಲ.”

ಅತ್ತೆ ಅವಳನ್ನೂ, ತೆರೆದ ಪೆಟ್ಟಿಗೆಯನ್ನೂ ನೋಡಿದರು. “ಒರೆಸೋದಾದ್ರೆ ಸರಿಯಾಗಿ ಒರೆಸು,” ಎಂದು ಚಪ್ಪಲಿ ಬಿಟ್ಟು ಒಳಗೆ ಹೋದರು.

ಸಂಜೆಯಾಯಿತು. ನಾಲ್ವರೂ ಹಳದಿ ಸೋಫಾದ ಮುಂದೆ ಬಂದರು. ಗಂಡ ಜಾದೂಗಾರನಂತೆ ಕೈಯನ್ನು ಗಾಳಿಯಲ್ಲಿ ಒಂದು ಸುತ್ತು ಬೀಸಿ ಸ್ವಿಚ್ಚು ಒತ್ತಿದ, ಮುಳ್ಳಿಟ್ಟ. ರೆಕಾರ್ಡು ತಿರುಗಿತು. ಸದ್ದಿಲ್ಲ.

“ಅರೆ! ಏನಾಯ್ತು ಇದಕ್ಕೆ?” ಅವನು ಹಿಂಭಾಗಕ್ಕೆ ಬಗ್ಗಲು ಹೊರಟ.

“ಕೂತ್ಕೊಳ್ಳಿ ರೀ,” ಎಂದಳು ಅವಳು. “ನೋಡಿ, ಕೆಂಪಗಾಗ್ತಿದೆ.”

ನಿಜವಾಗಿಯೂ ಆಗುತ್ತಿತ್ತು. ಮೊದಲು ಇದೆಯೋ ಇಲ್ಲವೋ ಎನ್ನುವಂಥ ಮಂಕು ಬೆಳಕು. ಗಂಡ ಮುಳ್ಳನ್ನು ಎತ್ತಿ ಮತ್ತೆ ಶುರುವಿಗಿಟ್ಟು, ಹಿಂದಕ್ಕೆ ಬಂದು ಕೂತ. ಸೋಫಾದ ಸ್ಪ್ರಿಂಗು ಎಂದಿನಂತೆ ನರಳಿತು. ಎಷ್ಟೋ ದಿನಗಳಾದ ಮೇಲೆ ಸಿಕ್ಕವರಂತೆ ನಾಲ್ವರೂ ಪಕ್ಕಪಕ್ಕದಲ್ಲಿ ಒತ್ತಿಕೊಂಡಿದ್ದರು. ಅವಳು ಉಸಿರೆಳೆದುಕೊಂಡಳು.

“ಈ ಸೋಫಾನ ನಾನು ಮೂಲೆಮನೆ ದರ್ಜಿಗೆ ಕೊಟ್ಟುಬಿಟ್ಟಿದೀನಿ,” ಎಂದರು ಅತ್ತೆ. “ನಾಳೆ ಬಂದು ಎತ್ಕೊಂಡು ಹೋಗ್ತಾನೆ.”

ಮೂವರೂ ಒಟ್ಟಿಗೆ ತಾವು ಕೂತಿದ್ದ ಜಾಗವನ್ನು ಬಗ್ಗಿ ನೋಡಿದರು. ಗಂಡನ ಬಾಯಿ ‘ಬೇ’ ಎನ್ನುವಷ್ಟು ತೆರೆದದ್ದು ಕಟ್ಟಳೆ ನೆನಪಾಗಿ ಮುಚ್ಚಿತು. ವಾಲ್ವುಗಳು ಕೆಂಡದ ಬಣ್ಣಕ್ಕೆ ಬಂದವು. ಅವಳು ಮತ್ತೆ ಬಾಯಿ ತೆರೆದಳು.

“ಲೈಸೆನ್ಸ್ ಅಂಚೆಯಲ್ಲಿ ಬರ್ತಿಲ್ಲ,” ಎಂದ ಮೈದುನ ಗೋಡೆಗೆ. ಒಂದೇ ಉಸಿರಿನಲ್ಲಿ ಮುಂದುವರಿಸಿದ: “ನಾನು ಪಾಸೇ ಆಗಿಲ್ಲ. ಎರಡನೇ ಸಲಾನೂ ಹೋಯ್ತು. ಹಿಂದಕ್ಕೆ ತಗೊಳ್ಳುವಾಗ ಕಂಬ ಅಡ್ಡ ಬಂತು.”

“ಕಂಬ ಅಡ್ಡ ಬಂತಾ? ಎಲ್ಲಿಂದ ಬಂತೋ ಅದು?” ಎಂದರು ಅತ್ತೆ.

“ಅಮ್ಮಾ! ಉತ್ತರ ಕೊಡೋ ಹಾಗಿಲ್ಲ!”

“ಇದು ಉತ್ತರ ಅಲ್ವೋ, ಪ್ರಶ್ನೆ.”

ಅವಳಿಗೆ ನಗು ಉಕ್ಕಿತು. ನಗುವನ್ನು ತಡೆಯುವುದರೊಳಗೆ ಅಮೂಲ್ಯವಾದ ಒಂದಷ್ಟು ಹೊತ್ತು ಹೋಯಿತು. ಕೆಂಡ ತಿಳಿಯಾಗಿ ಕಿತ್ತಳೆಗೆ ತಿರುಗುತ್ತಿತ್ತು. ಇನ್ನು ತಡಮಾಡಿದರೆ ಕೆಟ್ಟೆ ಎಂದು, “ರೀ,” ಎಂದೇಬಿಟ್ಟಳು.

ಗಂಡ ತಿರುಗಲಿಲ್ಲ. ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದ. “ನನಗೆ ಹತ್ತಿರದ್ದು ಸರಿಯಾಗಿ ಕಾಣ್ತಿಲ್ಲ,” ಎಂದ. “ಬಹಳ ದಿನ ಆಯ್ತು. ಬೆಸುಗೆಯೆಲ್ಲ ಅಂದಾಜಿನ ಮೇಲೆ ಹಾಕ್ತಿದೀನಿ. ಮೊನ್ನೆ ಕನ್ನಡಕದ ಅಂಗಡಿಗೆ ಹೋಗಿ ಪರೀಕ್ಷೆ ಮಾಡಿಸ್ಕೊಂಡು ಬಂದೆ. ಬುಧವಾರ ಕೊಡ್ತಾರೆ. ಗುಂಯ್ ಡಾಕ್ಟರಿಗೆ ಕಣ್ಣಿಲ್ಲ ಅಂತ ಬೀದಿಯಲ್ಲಿ ನಗ್ತಾರೇನೋ ಅಂತ ಹೇಳಿರ್ಲಿಲ್ಲ.”

ಯಾರೂ ನಗಲಿಲ್ಲ. ಅತ್ತೆಯ ಕೈ ತಾನಾಗಿ ಹೋಗಿ ಮಗನ ಮಂಡಿಯ ಮೇಲೆ ಕೂತಿತು.

“ನಂದೂ ಒಂದಿದೆ,” ಎಂದಳು ಅವಳು. “ನಾನು...”

ಪಿಟೀಲುಗಳು ದೂರದಿಂದ ನಡೆದು ಬಂದವರ ಹಾಗೆ ಮೆಲ್ಲಗೆ, ಆಮೇಲೆ ಹತ್ತಿರವಾಗಿ, ಆಮೇಲೆ ಮನೆ ತುಂಬ ಹಾಡಿದವು. ಹಾಡು ಶುರುವಾದ ಮೇಲೆ ಮಾತಿಲ್ಲ. ಅದೂ ಕಟ್ಟಳೆಯೇ.

ಮೊದಲ ಹಾಡಿನುದ್ದಕ್ಕೂ ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬೆಕ್ಕಿನ ಹಾಗೆ ಹೊಂಚು ಹಾಕಿ, ಧೂಳಿನ ನೆಪ ಹೂಡಿ, ಬೆರಳು ಸುಟ್ಟುಕೊಂಡು ತಂದುಕೊಂಡ ಹೊತ್ತನ್ನು ಉಳಿದ ಮೂವರು ಹಂಚಿಕೊಂಡು ಉಂಡಿದ್ದರು. ಅಡುಗೆ ಮಾಡಿದವಳಿಗೆ ತಪ್ಪಲೆಯ ತಳ.

ಎರಡನೆಯ ಹಾಡಿನ ಹೊತ್ತಿಗೆ ಅವಳ ಮನಸ್ಸು ಬೇರೆ ಕಡೆ ಹೊರಳಿತು. ಈ ಮೂವರು ಹೇಳಿದ್ದಾದರೂ ಏನು? ಸೋಫಾ ಕೊಟ್ಟಾಗಿತ್ತು. ಪರೀಕ್ಷೆ ಹೋಗಿಯಾಗಿತ್ತು. ಕನ್ನಡಕದ ಗಾಜು ಈಗಾಗಲೇ ಎಲ್ಲೋ ತಯಾರಾಗುತ್ತಿರಬೇಕು. ಕೊಡಲೇ, ಹೋಗಲೇ, ಮಾಡಿಸಿಕೊಳ್ಳಲೇ ಎಂದು ಯಾರೂ ಯಾರನ್ನೂ ಕೇಳಿರಲಿಲ್ಲ. ಆಗಿಹೋದದ್ದನ್ನು ತಂದು ಎಲ್ಲರ ಮಡಿಲಿಗೆ ಹಾಕಿದ್ದರು, ಅಷ್ಟೇ. ತಾನು ಮಾತ್ರ ಈ ಸೋಫಾದ ಮೇಲೆ ಇಷ್ಟು ವರ್ಷವೂ ಕೇಳಿಕೊಂಡೇ ಬಂದಿದ್ದಳು. ತಂಗಿಯ ಮನೆಗೆ ಹೋಗಿ ಎರಡು ದಿನ ಇದ್ದು ಬರುವುದನ್ನು ಕೇಳಿದ್ದಳು. ಅಡುಗೆಮನೆಗೆ ಇನ್ನೊಂದು ಕಿಟಕಿ ಒಡೆಸುವುದನ್ನು ಕೇಳಿದ್ದಳು. ಕೂದಲು ಗಿಡ್ಡ ಮಾಡಿಸಿಕೊಳ್ಳುವುದನ್ನು ಸಹ ಕೇಳಿ, ಒಂದು ಮಗ್ಗುಲು ಹಾಡು ಮುಗಿಯುವವರೆಗೆ ತನ್ನ ತಲೆಗೂದಲಿನ ತೀರ್ಪಿಗಾಗಿ ಕಾದಿದ್ದಳು! ಯಾರೂ ಹಾಗೆ ಕೇಳು ಎಂದು ಹೇಳಿರಲಿಲ್ಲ. ಮಾವನ ಕಟ್ಟಳೆಯಲ್ಲೂ ಅದಿರಲಿಲ್ಲ.

ಮಗ್ಗುಲಿನಲ್ಲಿ ಗಂಡನ ಮುಖ ನೋಡಿದಳು. ಇಷ್ಟು ದಿನ ಯಾವ ಮುಖ ಕುಸಿದೀತು ಎಂದು ಹೆದರಿದ್ದಳೋ ಅದೇ ಮುಖ. ಅವನ ಬಾಯಿಂದಲೇ ಅವನ ಕಣ್ಣಿನ ಸುದ್ದಿ ಹೊರಬಿದ್ದಿತ್ತು. ಮುಖಕ್ಕೆ ಏನೂ ಆಗಿರಲಿಲ್ಲ. ಹೊರೆ ಇಳಿಸಿದವನಂತೆ ತಾಳಕ್ಕೆ ಕಾಲ್ಬೆರಳು ಆಡಿಸುತ್ತಿದ್ದ.

ಮಗ್ಗುಲು ಮುಗಿಯಿತು. ಮುಳ್ಳು ಮೇಲೆದ್ದಿತು. ಉತ್ತರಗಳ ಸರದಿ.

“ಸೋಫಾ ಕೊಟ್ಟುಬಿಟ್ರೆ ನಾವೆಲ್ಲಿ ಕೂರೋದಮ್ಮ?” ಎಂದ ಗಂಡ.

“ಕುರ್ಚಿಗಳಿಲ್ವಾ? ಸೊಂಟ ಹಿಡ್ಕೊಳ್ಳೋದು ಈ ಹಳ್ಳದಲ್ಲಿ ಕೂತೇ. ದರ್ಜಿ ಇದರ ಮೈಯೆಲ್ಲ ಬಿಚ್ಚಿ ಹೊಸ ಬಟ್ಟೆ ಹಾಕ್ತಾನಂತೆ. ಅವನಿಗಾದ್ರೂ ಉಪಯೋಗಕ್ಕೆ ಬರ್ಲಿ.”

“ನೋಡೋಣ.”

“ನೋಡೋದೇನೋ? ಕೊಟ್ಟಾಯ್ತು ಅಂದೆನಲ್ಲ.”

ಗಂಡ ಒಂದು ಗಳಿಗೆ ತಾಯಿಯನ್ನು ನೋಡಿ, ಜೋರಾಗಿ ನಕ್ಕುಬಿಟ್ಟ. ಆಮೇಲೆ ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟ. “ಲೋ, ಮೂರನೇ ಸಲಕ್ಕೆ ಆ ಕಂಬಕ್ಕೆ ಮೊದಲೇ ಹೇಳಿಡು, ಸ್ವಲ್ಪ ಆಚೆ ನಿಲ್ಲು ಅಂತ.”

“ನೀನು ಕನ್ನಡಕ ಹಾಕ್ಕೊಂಡು ಪಕ್ಕದಲ್ಲಿ ಕೂತ್ಕೋ ಅಣ್ಣ. ಕಂಬ ಬಂದ್ರೆ ಹೇಳು.”

ನಗು ಅಡಗಿದ ಮೇಲೆ ಗಂಡನಿಗೆ ಆಂಪ್ಲಿಫೈಯರ್ ನೆನಪಾಯಿತು. ಹಿಂದಿನ ತಗಡು ಸರಿಸಿ, ತಲೆಯನ್ನು ಒಮ್ಮೆ ಹತ್ತಿರ ಒಯ್ದು, ಒಮ್ಮೆ ದೂರ ಎಳೆದು ಇಣುಕಿದ. ಟೇಪು ಸುತ್ತಿದ ತುದಿ ಅವನ ಮೂಗಿನ ಮುಂದೆಯೇ ಇತ್ತು.

“ಎಲ್ಲಾ ಸರಿಯಾಗೇ ಇದೆಯಲ್ಲ,” ಎಂದ. “ಯಾಕೆ ತಡ ಮಾಡ್ತೋ!”

“ಬುಧವಾರ ಕನ್ನಡಕ ಬರ್ಲಿ. ಆಮೇಲೆ ನೋಡಿದ್ರಾಯ್ತು ಬಿಡಿ.”

“ಹೂಂ.” ಅವನು ತಗಡು ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ನಿಂತ. “ಅಲ್ಲಾ ಕಣೇ, ಕಾಯೋದೂ ಒಂಥರಾ ಚೆನ್ನಾಗೇ ಇತ್ತು ಅಲ್ವಾ?”

“ಚೆನ್ನಾಗಿತ್ತು,” ಎಂದಳು ಅವಳು.

ಅತ್ತೆ ಏಳುತ್ತ, ಸೋಫಾದ ಕೈಯನ್ನು ಕೊನೆಯ ಸಲ ಎನ್ನುವಂತೆ ತಟ್ಟಿದರು. “ನೀನೇನೋ ಹೇಳೋಕೆ ಹೊರಟಿದ್ದೆಯಲ್ಲೇ? ಹಾಡು ಬಂದುಬಿಡ್ತು.”

“ನಾಳೆ ಹೇಳ್ತೀನಿ, ಅತ್ತೆ. ಅವಸರ ಏನಿಲ್ಲ.”

“ನಾಳೆ ನೆಲದ ಮೇಲೆ ಕೂತು ಕೇಳ್ಬೇಕು ನೋಡು.”

“ಕೇಳೋರು ಕೇಳಲಿ. ನಾನು ನಿಂತ್ಕೊಂಡೇ ಹೇಳ್ತೀನಿ.”

ಅತ್ತೆ ಏನೋ ಅರ್ಥವಾದವರಂತೆ, ಏನೂ ಅರ್ಥವಾಗದವರಂತೆ ನೋಡಿ ಅಡುಗೆಮನೆಗೆ ನಡೆದರು. ಅವಳು ಅಂಗಡಿಯ ಕೋಣೆಗೆ ಬಂದಳು. ಕಿಟಕಿಯಲ್ಲಿ ಇನ್ನೂ ಸಂಜೆಯ ಬೆಳಕಿತ್ತು. ಕೈಡ್ರಿಲ್ಲು ಮೇಜಿನ ಮೇಲೆ ಬಿಟ್ಟಲ್ಲೇ ಬಿದ್ದಿತ್ತು. ನಾಳೆ ಮಧ್ಯಾಹ್ನದ ಆಟಕ್ಕೆ ಮೊದಲು ಮ್ಯಾನೇಜರ್ ಮೇಡಂ ಟಿಕೆಟಿನ ಕಿಟಕಿಯ ಹತ್ತಿರ ಇದ್ದೇ ಇರುತ್ತಾರೆ. ಅಷ್ಟೊತ್ತಿಗೆ ಹೋಗಿ, ಬರುತ್ತೇನೆ ಎಂದು ಹೇಳಿ, ಬೀಗದ ಕೈ ಇಸಿದುಕೊಂಡೇ ಬರುವುದು. ಮನೆಯಲ್ಲಿ ಸಂಜೆ, ವಾಲ್ವುಗಳು ಕಣ್ಣು ಬಿಡುವಾಗ ಹೇಳಿದರಾಯಿತು. ಆಮೇಲೆ ಬೇಕಾದಷ್ಟು ಹಾಡು ಇದೆ, ಎಲ್ಲರೂ ಕೇಳಿಸಿಕೊಂಡು ಕೂತಿರಲಿ.

ಹಸಿರು ವೈರಿನ ಸುರುಳಿಯಿಂದ ಎರಡು ಉದ್ದನೆಯ ತುಂಡು ಕತ್ತರಿಸಿದಳು. ಸರಳಿಗೆ ಗಂಟು ಹಾಕಿ, ಇನ್ನೊಂದು ತುದಿಯನ್ನು ಡ್ರಿಲ್ಲಿಗೆ ಕಚ್ಚಿಸಿ, ಹಿಡಿ ತಿರುಗಿಸಿದಳು. ವೈರು ಹೊಸೆದುಕೊಳ್ಳುತ್ತ ಅವಳನ್ನು ಕಿಟಕಿಯ ಕಡೆಗೆ ಎಳೆಯಿತು. ಮುಗಿದ ಮೇಲೆ ಅದನ್ನು ಅಂಗಡಿಯ ಮೊಳೆಗೆ ತೂಗುಹಾಕದೆ, ಉಂಗುರದಂತೆ ಸುತ್ತಿ ತನ್ನ ಚೀಲದೊಳಗೆ ಇಟ್ಟುಕೊಂಡಳು.